ಗುಡ್ಡದ ಗಾಳಿ ಯಾರದು?

ವೇಲ್ಸ್ ನಾಡಿನ ಒಂದು ಗುಡ್ಡದಲ್ಲಿ, ಕುರಿಗಳ ದೊಡ್ಡಿಯನ್ನು ಬೆಚ್ಚಗಿಡುತ್ತಿದ್ದ ಕಲ್ಲಿದ್ದಲು ಮುಗಿದುಹೋಯಿತು. ಆಗ ನರಿಯೊಂದು ಬಂದು, "ಗುಡ್ಡವನ್ನು ನನಗೆ ಬರೆದುಕೊಡಿ. ನಾಳೆಯೇ ವಿದ್ಯುತ್ತಿನ ಬಿಸಿ ಕೊಡುವ ಗಾಳಿಯಂತ್ರ ಕಟ್ಟಿಸುತ್ತೇನೆ" ಎಂದಿತು. ಮುಖಂಡನಾದ ಟಗರು ಇದ್ರಿಸ್ ಒಪ್ಪಿಗೆಯ ಗುರುತು ಒತ್ತಲು ಗೊರಸೆತ್ತಿದ.

"ತಡೆಯಿರಿ ಯಜಮಾನರೇ" ಎಂದಳು ಮುದಿಕುರಿ ನೆಸ್ಟಾ. "ನರಿಯವರೇ, ಯಂತ್ರದ ಬಿಸಿ ಮೊದಲು ಯಾರಿಗೆ?"

"ನನ್ನ ಗವಿಗೆ. ಉಳಿದರೆ ನಿಮಗೆ."

"ಹಾಗಾದರೆ ನಾವೇ ಕಟ್ಟಿಕೊಳ್ಳುತ್ತೇವೆ."

"ಅದಕ್ಕೆ ಎರಡು ಚಳಿಗಾಲ ಬೇಕು. ಅಲ್ಲಿಯವರೆಗೆ ನಿಮ್ಮ ಮರಿಗಳು ಉಳಿದಾವೇ?"

ಇದ್ರಿಸ್ ಮರಿಗಳತ್ತ ನೋಡಿ ಗೊರಸನ್ನು ಹಿಂದಕ್ಕೆಳೆದುಕೊಂಡ.

"ಮರಿಗಳು ನಡುವೆ ಮಲಗಲಿ, ನಾವು ಸುತ್ತ ಮಲಗೋಣ" ಎಂದ. "ಗುಡ್ಡ ಕೊಡುವುದಿಲ್ಲ."

ಎರಡು ಚಳಿಗಾಲ ದೊಡ್ಡವರೆಲ್ಲ ನಡುಗಿದರು. ಮೂರನೆಯದಕ್ಕೆ ಅವರದೇ ಗಾಳಿಯಂತ್ರ ತಿರುಗಿತು.