ಬೊಮ್ಮವ್ವನ ಜಗಳ

"ಗುರುಗಳೇ, ನೂರು ಜನ ಕೂತು ವಾದ ಮಾಡುತ್ತ ಕಾಲ ಕಳೆಯುವುದಕ್ಕಿಂತ, ಗಟ್ಟಿಗನಾದ ಒಬ್ಬನ ಕೈಗೆ ಊರನ್ನು ಒಪ್ಪಿಸಿಬಿಡುವುದು ಲೇಸಲ್ಲವೇ?" ಎಂದು ಮುದ್ದಯ್ಯ ಕೇಳಿದ. "ನಮ್ಮೂರಿನವರು ಹಾಗೆ ಮಾಡಬೇಕೆಂದಿದ್ದಾರೆ. ನೆರೆಯೂರುಗಳ ಜೊತೆಗಿನ ಒಪ್ಪಂದವನ್ನೂ ಬಿಟ್ಟುಬಿಡಬೇಕೆಂದು ಆ ಗಟ್ಟಿಗ ಹೇಳುತ್ತಿದ್ದಾನೆ."

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೇ ಹಳ್ಳದ ದಂಡೆಯಲ್ಲಿ ಮೂರು ಊರುಗಳಿದ್ದವು. ಮೇಲಿನ ಊರು, ನಡುವಿನ ಊರು, ಕೆಳಗಿನ ಊರು. ಮೂರರಲ್ಲೂ ಅರಸನಿರಲಿಲ್ಲ. ಊರಿನವರೆಲ್ಲ ಕಟ್ಟೆಯ ಮೇಲೆ ಸೇರಿ, ಮಾತಾಡಿ, ಜಗಳವಾಡಿ, ಕೊನೆಗೆ ಒಂದು ತೀರ್ಮಾನಕ್ಕೆ ಬರುತ್ತಿದ್ದರು. ದರೋಡೆಕೋರರ ಕಾಟವಿದ್ದ ಕಾಲ ಅದು. ಒಂದು ಊರಿನಲ್ಲಿ ಕಹಳೆ ಊದಿದರೆ ಉಳಿದೆರಡು ಊರಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರಬೇಕು ಎಂಬ ಒಪ್ಪಂದ ಅಜ್ಜಂದಿರ ಕಾಲದಿಂದ ನಡೆದುಬಂದಿತ್ತು.

ನಡುವಿನ ಊರಿನಲ್ಲಿ ಬೊಮ್ಮವ್ವ ಎಂಬ ಕುರಿ ಸಾಕುವ ಹೆಂಗಸಿದ್ದಳು. ಕೆಳಗಿನ ಊರೆಂದರೆ ಅವಳಿಗೆ ಮೈಯೆಲ್ಲ ಉರಿ. ಗುಡ್ಡದ ಇಳಿಜಾರಿನ ಹುಲ್ಲುಗಾವಲು ತನ್ನ ಮಾವನ ಕಾಲದಿಂದ ತಮ್ಮದು, ಅದನ್ನು ಕೆಳಗಿನ ಊರಿನವರು ನುಂಗಿದ್ದಾರೆ ಎಂಬುದು ಅವಳ ದೂರು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅವರ ಕಟ್ಟೆಗೇ ಹೋಗಿ ಜಗಳ ತೆಗೆಯುತ್ತಿದ್ದಳು. ಪ್ರತಿ ವರ್ಷ ಸೋತು ಬರುತ್ತಿದ್ದಳು.

ಒಂದು ಬೇಸಿಗೆ ಮೇಲಿನ ಊರಿಗೆ ದರೋಡೆಕೋರರು ಮೇಲಿಂದ ಮೇಲೆ ನುಗ್ಗಿದರು. ಕಹಳೆ ಕೇಳಿ ನೆರೆಯೂರಿನವರು ಓಡಿಬಂದರೂ ಕಾಟ ನಿಲ್ಲಲಿಲ್ಲ. ಜನ ಹೆದರಿ, ತಮ್ಮಲ್ಲೇ ಒಬ್ಬ ಕತ್ತಿವರಸೆಯವನನ್ನು ದಳವಾಯಿ ಮಾಡಿದರು. ಅಪಾಯ ಕಳೆಯುವ ತನಕ ನಿನ್ನ ಮಾತೇ ಮಾತು ಎಂದರು. ಅವನು ದರೋಡೆಕೋರರನ್ನು ಓಡಿಸಿದ್ದು ನಿಜ. ಆದರೆ ಅಪಾಯ ಕಳೆಯಿತು ಎಂದು ಮಾತ್ರ ಅವನು ಹೇಳಲೇ ಇಲ್ಲ. ಮೊದಲು ಕಟ್ಟೆಯ ಸುತ್ತ ಮುಳ್ಳಿನ ಬೇಲಿ ಹಾಕಿಸಿದ. ಆಮೇಲೆ ಕೋಟೆ ಕಟ್ಟಿಸಿದ. ಆಮೇಲೆ ಅವನ ಕಣ್ಣು ಕೆಳಗಿನ ಊರಿನ ಮೇಲೆ ಬಿತ್ತು.

ನಡುವಿನ ಊರು ಸುಮ್ಮನಿದ್ದರೆ ಅವನ ಕೆಲಸ ಸುಲಭ. ಅದಕ್ಕೆ ಅವನು ಬೊಮ್ಮವ್ವನ ಮನೆ ಬಾಗಿಲಿಗೆ ಬಂದ. ಕುದುರೆಯಿಂದ ಇಳಿದು ಅವಳ ಜಗಲಿಯ ಮೇಲೆ ಕೂತ.

"ತಾಯೀ, ನಿನ್ನ ಹುಲ್ಲುಗಾವಲನ್ನು ನಾನು ಬಿಡಿಸಿಕೊಡುತ್ತೇನೆ" ಎಂದ. "ಕೆಳಗಿನ ಊರಿನ ಕಹಳೆ ಕೇಳಿದಾಗ ನಿಮ್ಮವರು ಮನೆಯಲ್ಲಿರಲಿ. ನೀನು ಹೇಳಿದರೆ ಕಟ್ಟೆಯವರು ಕೇಳುತ್ತಾರೆ. ಕೇಳಲಿಲ್ಲವೆನ್ನು, ನಿನ್ನ ಕುರಿಗಳು ನೀರಿಗೆ ಬರುವುದು ನನ್ನ ಊರಿನ ಮಡುವಿಗೇ ಅಲ್ಲವೇ?"

ಈ ಮಾತನ್ನೂ ಅವನು ನಗುತ್ತಲೇ ಹೇಳಿದ.

ಬೊಮ್ಮವ್ವ ಆಗಲೆಂದೂ ಅನ್ನಲಿಲ್ಲ, ಆಗದೆಂದೂ ಅನ್ನಲಿಲ್ಲ. ಅವಳಿಗೆ ಆಸೆಯಾಗಿತ್ತು. ಇಷ್ಟು ವರ್ಷ ಗಂಟಲು ಹರಿದುಕೊಂಡು ಆಗದ ಕೆಲಸ ಬರೀ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತದೆ ಎಂದರೆ ಯಾರಿಗೆ ಆಸೆಯಾಗದು? ಆದರೂ ಮನಸ್ಸು ಒಪ್ಪಲಿಲ್ಲ. ಅವಳ ತಂಗಿಯನ್ನು ಮೇಲಿನ ಊರಿಗೇ ಕೊಟ್ಟಿತ್ತು. ಹೋಗಿ ಕೇಳಿಬರೋಣವೆಂದು ಹೊರಟಳು.

ತಂಗಿಯದು ಹಳ್ಳದ ಈ ದಂಡೆಯಲ್ಲಿ ಕೂಗಿದರೆ ಆ ದಂಡೆಗೆ ಕೇಳುವ ಗಂಟಲು. ಅಂಥವಳು ಅಕ್ಕನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಮಜ್ಜಿಗೆ ಕೊಟ್ಟು, ಎದುರಿಗೆ ಕೂತಳು.

"ಹೇಗಿದ್ದೀಯೇ?" ಎಂದಳು ಬೊಮ್ಮವ್ವ.

"ಚೆನ್ನಾಗಿದ್ದೀವಿ ಅಕ್ಕಾ" ಎಂದು ತಂಗಿ ಪಿಸುಗುಟ್ಟಿದಳು. ಹಾಗೆನ್ನುವಾಗ ಬಾಗಿಲಿನ ಕಡೆ ನೋಡಿದಳು.

"ನಿನ್ನ ಗಂಡ ಎಲ್ಲಿ?"

"ಕೆಲಸಕ್ಕೆ ಹೋಗಿದ್ದಾರೆ."

ಅವನ ಚಪ್ಪಲಿ ಮೂಲೆಯಲ್ಲೇ ಇತ್ತು. ಅದರ ಮೇಲೆ ಧೂಳು ಕೂತಿತ್ತು. ಬೊಮ್ಮವ್ವ ಮತ್ತೆ ಕೇಳಲಿಲ್ಲ. ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದಳು. ದಾರಿಯುದ್ದಕ್ಕೂ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಮರುದಿನ ನಡುವಿನ ಊರಿನ ಕಟ್ಟೆ ಸೇರಿತು. ಒಬ್ಬ ವ್ಯಾಪಾರಿ ಎದ್ದು, "ದಳವಾಯಿ ನಮ್ಮಿಂದ ಏನನ್ನೂ ಕೇಳಿಲ್ಲ. ಸುಮ್ಮನಿರಿ ಎಂದಿದ್ದಾನೆ, ಅಷ್ಟೆ. ಸುಮ್ಮನಿರುವುದಕ್ಕೆ ನಮ್ಮ ಗಂಟೇನು ಹೋಗುತ್ತದೆ?" ಎಂದ. ಹಲವರು ತಲೆಯಾಡಿಸಿದರು. ಎಲ್ಲರೂ ಬೊಮ್ಮವ್ವನ ಕಡೆ ತಿರುಗಿದರು. ಅವಳು ಏನು ಹೇಳುತ್ತಾಳೆಂಬುದು ತಮಗೆ ಗೊತ್ತು ಎಂದುಕೊಂಡಿದ್ದರು.

ಬೊಮ್ಮವ್ವ ಎದ್ದಳು.

"ಕೆಳಗಿನ ಊರಿನವರು ನನ್ನ ಹುಲ್ಲುಗಾವಲು ನುಂಗಿದ್ದಾರೆ. ಇವತ್ತೂ ಹೇಳುತ್ತೇನೆ, ಸಾಯುವ ತನಕ ಹೇಳುತ್ತೇನೆ. ಅವರ ಕಟ್ಟೆಗೆ ಹೋಗಿ ಅವರ ಮುಖಕ್ಕೇ ಹೇಳುತ್ತೇನೆ. ಅವರೂ ನನಗೆ ಎದುರು ಮಾತಾಡುತ್ತಾರೆ. ಮೇಲಿನ ಊರಿನಲ್ಲಿ ನನ್ನ ಒಡಹುಟ್ಟಿದವಳು ತನ್ನ ಮನೆಯೊಳಗೇ ಕೂತು ನನ್ನ ಹತ್ತಿರ ಪಿಸುಗುಡುತ್ತಾಳೆ. ನಾಳೆ ಕೆಳಗಿನ ಊರಿನ ಕಟ್ಟೆಗೂ ಮುಳ್ಳು ಬಿದ್ದರೆ ನಾನು ಯಾರ ಹತ್ತಿರ ಜಗಳವಾಡಲಿ? ನಾಡಿದ್ದು ಈ ಕಟ್ಟೆಗೆ ಬಿದ್ದರೆ ನೀವು ಎಲ್ಲಿ ಕೂರುತ್ತೀರಿ? ನನ್ನ ಜಗಳ ನನ್ನದು. ಅದನ್ನು ಆ ದಳವಾಯಿಯ ಕೈಗೆ ಕೊಡುವುದಿಲ್ಲ. ಕಹಳೆ ಕೇಳಿದರೆ ನಾನು ಹೋಗುತ್ತೇನೆ. ಬರುವವರು ಬನ್ನಿ."

 

ಕೆಲವೇ ದಿನಗಳಲ್ಲಿ ಕಹಳೆ ಕೇಳಿತು. ಬೊಮ್ಮವ್ವ ಕುರಿ ಕಾಯುವ ದೊಣ್ಣೆ ಹಿಡಿದು ಹೊರಟಳು. ಊರು ಅವಳ ಹಿಂದೆ ಹೊರಟಿತು. ಹಿಂದೆ ಮುಂದೆ ನೋಡಿದ ವ್ಯಾಪಾರಿಯೂ ಕೊನೆಗೆ ಬಂದ. ದಳವಾಯಿಯ ದಂಡು ಹಳ್ಳ ದಾಟುತ್ತಿತ್ತು. ಎದುರಿಗೆ ಕೆಳಗಿನ ಊರಿನವರು ನಿಂತಿದ್ದರು. ಅವರ ಬೆನ್ನಿಗೆ ನಡುವಿನ ಊರಿನವರು ಬಂದು ನಿಂತರು. ಹೊಡೆದಾಟ ಜೋರಾಗಿಯೇ ಆಯಿತು. ಎರಡೂ ಊರಿನ ಕೆಲವರು ಮನೆಗೆ ಮರಳಲಿಲ್ಲ. ಆದರೆ ದಂಡಿನಲ್ಲಿದ್ದವರಲ್ಲಿ ಹೆಚ್ಚಿನವರು ಮೇಲಿನ ಊರಿನ ರೈತರು. ಹೆದರಿಸಿ ಕರೆತಂದವರು. ತಮ್ಮ ಬೀಗರ, ನೆಂಟರ ಮುಖ ಕಂಡು ಅವರು ಒಬ್ಬೊಬ್ಬರಾಗಿ ಈಟಿಗಳನ್ನು ನೀರಿಗೆ ಬಿಟ್ಟರು. ದಳವಾಯಿ ಬೆರಳೆಣಿಕೆಯ ಆಳುಗಳೊಂದಿಗೆ ಓಡಿಹೋಗಿ ಕೋಟೆ ಸೇರಿಕೊಂಡ. ಹೋಗುವ ದಾರಿಯಲ್ಲಿ ಬೊಮ್ಮವ್ವನ ಕುರಿಗಳನ್ನು ಹೊಡೆದುಕೊಂಡು ಹೋದ. ಒಂದು ಮರಿಯನ್ನೂ ಉಳಿಸಲಿಲ್ಲ.

ಮರುದಿನ ಬೆಳಿಗ್ಗೆ ಮೇಲಿನ ಊರಿನಲ್ಲಿ ಅವಳ ತಂಗಿ ಕುಡುಗೋಲು ತಂದು ಕಟ್ಟೆಯ ಸುತ್ತಲಿನ ಬೇಲಿ ಕಡಿಯತೊಡಗಿದಳು. ಮೈಯೆಲ್ಲ ಮುಳ್ಳು ಗೀರಿತು. ಸ್ವಲ್ಪ ಹೊತ್ತು ಒಬ್ಬಳೇ ಕಡಿದಳು. ಆಮೇಲೆ ಇನ್ನೊಬ್ಬಳು ಬಂದಳು. ಮಧ್ಯಾಹ್ನದ ಹೊತ್ತಿಗೆ ಬೇಲಿ ಇರಲಿಲ್ಲ. ಸಂಜೆಗೆ ಕೋಟೆಯಲ್ಲಿ ದಳವಾಯಿ ಇರಲಿಲ್ಲ; ಕುರಿಗಳನ್ನೂ ಅಟ್ಟಿಕೊಂಡು ಊರು ಬಿಟ್ಟು ಓಡಿಹೋಗಿದ್ದ. ಕೋಟೆಯ ನೆಲಮಾಳಿಗೆಯಿಂದ ಹೊರಗೆ ತಂದವರಲ್ಲಿ ತಂಗಿಯ ಗಂಡನೂ ಇದ್ದ. ಅವನಿಗೆ ನಡೆಯಲಾಗುತ್ತಿರಲಿಲ್ಲ. ಆದರೆ ಜೀವವಿತ್ತು.

ಆ ವರ್ಷವೂ ಸುಗ್ಗಿ ಮುಗಿಯಿತು. ಬೊಮ್ಮವ್ವ ಕೆಳಗಿನ ಊರಿನ ಕಟ್ಟೆಗೆ ಹೋದಳು. ಎಲ್ಲರೂ ಎದ್ದು ನಿಂತು ಅವಳನ್ನು ಬರಮಾಡಿಕೊಂಡರು. ಹೋಳಿಗೆ ಬಡಿಸಿದರು. ಹೊಸದಾಗಿ ಮಂದೆ ಕಟ್ಟಲೆಂದು ಮನೆಗೊಂದು ಕುರಿ ಕೊಟ್ಟರು. ಆಮೇಲೆ ಅವಳು ಹುಲ್ಲುಗಾವಲಿನ ಮಾತು ತೆಗೆದಳು. ಹೊತ್ತು ಇಳಿಯುವ ತನಕ ವಾದವಾಯಿತು. ಹುಲ್ಲುಗಾವಲು ನಮ್ಮದೇ ಎಂದು ಕೆಳಗಿನ ಊರು ತೀರ್ಮಾನಿಸಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮುದ್ದಯ್ಯನಿಗೆ ತಡೆಯಲಾಗಲಿಲ್ಲ. "ಇದೆಂಥ ನ್ಯಾಯ ಗುರುಗಳೇ? ಅವರ ಊರು ಉಳಿಸಿದವಳು ಅವಳು. ಅವಳೇ ಸೋತಳಲ್ಲ!"

"ಸೋತಳು. ಸೋತ ಮೇಲೆ ಅಲ್ಲೇ ನಿಂತು ಅವರನ್ನು ಬಾಯಿ ತುಂಬ ಬೈದು, ಯಾರ ಹೆದರಿಕೆಯೂ ಇಲ್ಲದೆ ಮನೆಗೆ ಹೋದಳು. ನಿಮ್ಮೂರಿನ ಆ ಗಟ್ಟಿಗನ ಎದುರು ಗೆದ್ದವನಾದರೂ ಹಾಗೆ ಮನೆ ಸೇರುತ್ತಾನೆಯೇ, ಕೇಳಿಕೊಂಡು ಬಾ" ಎಂದರು ಗುರುಗಳು.