ದಾರ ಸುತ್ತಿದ ಟೊಂಗೆ

“ಗುರುಗಳೇ, ಬಿಡಬೇಕಾದದ್ದನ್ನೆಲ್ಲ ಬಿಟ್ಟಿದ್ದೇನೆ. ಆದರೂ ಮನಸ್ಸು ಯಾಕೆ ದಿನೇ ದಿನೇ ಬಾಡುತ್ತಿದೆ?” ಎಂದು ಶಿಷ್ಯ ಕೇಳಿದ. ಅವನು ಉಪ್ಪು ಬಿಟ್ಟಿದ್ದ, ಹಗಲು ನಿದ್ದೆ ಬಿಟ್ಟಿದ್ದ, ತಮ್ಮನ ಮೇಲಿನ ಕೋಪವನ್ನೂ ಬಿಟ್ಟಿದ್ದ. ಮಠಕ್ಕೆ ಬಂದವರೆಲ್ಲ ಅವನ ನೇಮವನ್ನು ಹೊಗಳುತ್ತಿದ್ದರು. ಅದನ್ನೂ ಅವನೇ ಹೇಳಿದ.

ಗುರು ಕತೆ ಹೇಳಿದರು.

ಒಬ್ಬ ತೋಟಗಾರನಿದ್ದ. ಚಳಿಯ ಸೀಮೆಯಿಂದ ಬಂದ ಯಾತ್ರಿಕನೊಬ್ಬ ಅವನಿಗೆ ದಾಸವಾಳದ ಒಂದು ಬೇರು ಕೊಟ್ಟ. ಅದರ ಹೂ ಊಟದ ತಟ್ಟೆಯಷ್ಟು ಅಗಲವೆಂದೂ, ನೆಲದ ಮೇಲೆ ಸತ್ತಂತೆ ಕಂಡರೂ ಬುಡದಿಂದ ಮತ್ತೆ ಏಳುವ ಗಟ್ಟಿ ಜೀವವೆಂದೂ ಹೇಳಿ ಹೋದ. ತೋಟಗಾರನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂದೇ ನೆಟ್ಟ. ಬುಡದಿಂದ ಏಳು ಟೊಂಗೆಗಳು ಎದ್ದು ಎದೆಯೆತ್ತರ ಬೆಳೆದವು. ಒಂದರ ತುದಿಯಲ್ಲಿ ಮೊದಲ ಮೊಗ್ಗು ಕಂಡಿತು.

ಆ ಊರಿನಲ್ಲಿ ಮೊದಲ ಹೂ ದೇವಿಗೆ ಮೀಸಲು. ಮೀಸಲೆಂದು ಅರಿಸಿನದ ದಾರ ಸುತ್ತಿದ ಮೇಲೆ ಆ ಟೊಂಗೆಗೆ ಯಾರೂ ಕತ್ತಿ ತಾಗಿಸುವುದಿಲ್ಲ. ತೋಟಗಾರ ದಾರ ಸುತ್ತಿದ. ಕೇರಿಗೆಲ್ಲ ಸುದ್ದಿ ಹೇಳಿ ಬಂದ. ಮೊಗ್ಗು ಎಷ್ಟು ದಪ್ಪವಾಯಿತೆಂದು ನೋಡಲು ಬೆಳಗಾದರೆ ಜನ ಬರತೊಡಗಿದರು.

ಅಷ್ಟರಲ್ಲಿ ಒಂದು ಟೊಂಗೆ ತಲೆ ಬಾಗಿಸಿತು. ನೀರು ಸಾಲದೆಂದು ನೀರು ಹೊಯ್ದ. ಇನ್ನೊಂದು ಬಾಡಿತು. ನೀರು ಹೆಚ್ಚಾಯಿತೆಂದು ನಿಲ್ಲಿಸಿದ. ಎಲೆಗಳಿಗೆ ಬೇವಿನೆಣ್ಣೆ ಸವರಿದ. ಬಾಡಿದ್ದನ್ನೆಲ್ಲ ಬಾಡಿದಂತೆ ಕತ್ತರಿಸಿದ. ಕೊನೆಗೆ ಉಳಿದದ್ದು ದಾರದ ಟೊಂಗೆ ಒಂದೇ. ಅದೂ ಮಧ್ಯಾಹ್ನ ಕೊಂಚ ಜೋಲುತ್ತಿತ್ತು, ಸಂಜೆಗೆ ಎದ್ದು ನಿಲ್ಲುತ್ತಿತ್ತು. ಬಿಸಿಲಿಗಿರಬೇಕು ಎಂದುಕೊಂಡ.

ಗಿಡಗಳ ವಿಷಯ ಬಲ್ಲ ಒಬ್ಬ ಮುದುಕಿಯನ್ನು ಕರೆತಂದ. ಅವಳು ಮಣ್ಣಿಗೆ ಬೆರಳಿಟ್ಟು ನೋಡಿದಳು, ಹದವಾಗಿತ್ತು. ಎಲೆ ಮಗುಚಿ ನೋಡಿದಳು, ಏನೂ ಇರಲಿಲ್ಲ. ಆಮೇಲೆ ಉಗುರಿನಿಂದ ದಾರವನ್ನು ಮೇಲೆ ಸರಿಸಿದಳು. ಅದರಡಿಯಲ್ಲಿ ಸಾಸಿವೆ ಕಾಳಿನಷ್ಟು ತೂತು. ತೂತಿನ ಬಾಯಲ್ಲಿ ಹಿಟ್ಟಿನಂಥ ಪುಡಿ.

“ಇದೊಂದನ್ನು ಯಾಕಪ್ಪ ಕಡಿಯಲಿಲ್ಲ?”

“ಮೀಸಲು ಅಜ್ಜಿ. ದೇವಿಯ ಹೂವಿಗೆ ಕತ್ತಿ ಇಡಲೇ? ಹಸಿರಾಗಿಯೇ ಇದೆಯಲ್ಲ.”

“ಹುಳುವಿಗೂ ಹಸಿರೇ ರುಚಿ, ಮಗಾ. ಒಣಗಿದ್ದನ್ನು ಮುರಿಯಲು ಗಾಳಿ ಸಾಕು. ನೀನು ಕತ್ತಿ ಯಾಕೆ ಇಟ್ಟುಕೊಂಡಿದ್ದೀಯ?”

ತೋಟಗಾರ ಟೊಂಗೆಯನ್ನು ಕಡಿದ. ಒಳಗಿನ ತಿರುಳು ಕಂದಾಗಿತ್ತು. ಗೇಣು ಕೆಳಗೆ ಕಡಿದ, ಅಲ್ಲೂ ಕಂದು. ನೆಲದ ಮಟ್ಟಕ್ಕೆ ಕಡಿದಾಗ ಬೆಳ್ಳನೆಯ ದಪ್ಪ ಹುಳು ಸಿಕ್ಕಿತು. ಈ ಟೊಂಗೆಯಿಂದಲೇ ಇಳಿದು, ಎಲ್ಲ ಟೊಂಗೆಗಳ ಬುಡವನ್ನೂ ಅದು ಒಳಗೊಳಗೇ ಕೊರೆದಿತ್ತು. ಹುಳುವನ್ನು ತೆಗೆದು ಒಂದು ಬೆರಳಿನಷ್ಟು ಇನ್ನೂ ಕೆಳಗೆ ಕಡಿದ. ತಿರುಳು ಬೆಳ್ಳಗಿತ್ತು. ನೆಲದ ಮೇಲೆ ಗಿಡವೇ ಉಳಿಯಲಿಲ್ಲ. ಅವನು ಮೊಗ್ಗನ್ನು ಮಡಿಲಲ್ಲಿಟ್ಟುಕೊಂಡು ಕುಳಿತ.

ಹನ್ನೆರಡನೆಯ ದಿನ ಬೆಳಗ್ಗೆ ಮಣ್ಣು ಸೀಳಿ ಒಂದು ಕೆಂಪು ಚಿಗುರು ಇಣುಕಿತು. ಅವನು ಬೋರಲು ಮಲಗಿ ನೋಡಿದ. ಪಕ್ಕದಲ್ಲಿ ಇನ್ನೊಂದಿತ್ತು. ಮಧ್ಯಾಹ್ನದ ಹೊತ್ತಿಗೆ ಐದು. ಪಂಚೆಗೆ ಹತ್ತಿದ ಮಣ್ಣನ್ನೂ ಕೊಡವದೆ ಓಡಿಹೋಗಿ, ಮುದುಕಿ ಬಾಗಿಲು ತೆಗೆಯುವವರೆಗೂ ಬಡಿದ. ಮೂರು ತಿಂಗಳಿಗೆ ಹೂ ಅರಳಿತು. ದೇವಿಯ ಬಳಿಗೆ ಒಯ್ಯಲು ಎರಡು ಕೈಯೂ ಬೇಕಾದವು.

ಶಿಷ್ಯನ ಮುಖ ಆ ಹೂ ತನ್ನದೇ ಎಂಬಂತೆ ಅರಳಿತು. “ಎಂಥ ಕತೆ ಗುರುಗಳೇ. ನಾಳೆ ಮಠಕ್ಕೆ ಬಂದವರಿಗೆಲ್ಲ ನಾನೇ ಇದನ್ನು ಹೇಳುತ್ತೇನೆ. ಕೇಳಿದವರು ತಲೆದೂಗಬೇಕು.”

ಗುರು ಅವನನ್ನೇ ನೋಡಿ ಕೇಳಿದರು: “ಈಗ ಹೇಳು, ನೀನು ದಾರ ಸುತ್ತಿರುವುದು ಯಾವ ಟೊಂಗೆಗೆ?”