ಹೊಳೆಯಾಚೆಯ ಕಡತ

ಮಲ್ಲಭೂಪಾಲನ ರಾಜ್ಯದಲ್ಲಿ ಡಂಗುರ ಸಾರಿದರು. "ಅರಮನೆಯ ಕಂಪ್ಯೂಟರ್ ಮೂರು ದಿನದಿಂದ ಗರ ಬಡಿದಂತೆ ನಿಂತಿದೆ. ಅಕ್ಕಿ ಚೀಟಿ ಒಂದೂ ಹೊರಬಂದಿಲ್ಲ. ರಾಜಕುಮಾರಿ ಕುಂತಳೆ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನಿಗೆ ಅರ್ಧ ರಾಜ್ಯ. ಸೋತವನ ತಲೆ ಸಂಜೆಗೆ ಹೋಗುತ್ತದೆ."

ಯಂತ್ರ ನೋಡಿಕೊಳ್ಳುವವಳು ಕುಂತಳೆಯೇ. ಕಂಡದ್ದನ್ನೇ ಒಗಟು ಮಾಡಿದ್ದಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ. ಬಂದವರು ಹೇಳಿದ್ದನ್ನು ಯಂತ್ರದ ಮೇಲೆ ಮಾಡಿ ನೋಡುವಳು.

"ಮೊದಲನೆಯದು. ಒಂದು ಪ್ರೋಗ್ರಾಂ ಇದೆ. ದುಡಿಯುವುದಿಲ್ಲ, ಕೊಂದರೆ ಸಾಯುವುದಿಲ್ಲ. ಯಾಕೆ?"

ಮಂತ್ರಿಯ ಮಗ ವಸುಕೀರ್ತಿ ಮೀಸೆ ತಿರುವಿದ. "ಕೊಂದದ್ದು ಸಾಲದು."

ಕುಂತಳೆ ಒಂಬತ್ತು ಸಲ ಕೊಲ್ಲುವ ಆದೇಶ ಕೊಟ್ಟಳು. ಸಾಯಲಿಲ್ಲ. ವಸುಕೀರ್ತಿಯನ್ನು ಸಂಜೆಗೆಂದು ಪಕ್ಕಕ್ಕೆ ಕೂರಿಸಿದರು.

ದಂಡನಾಯಕನ ಮಗ ರಣಧವಳ, "ಸರಿ, ನಾನೇ ಒಳಗೆ ನೋಡುತ್ತೇನೆ" ಎಂದು ಆ ಪ್ರೋಗ್ರಾಂ ಓದುವ ಅಕ್ಕಿ ಪಟ್ಟಿಯ ಫೋಲ್ಡರ್ ತೆರೆದ. ಅವನ ಪರದೆಯೂ ನಿಂತಿತು.

"ಇದೇ ಎರಡನೆಯದು" ಎಂದಳು ಕುಂತಳೆ. "ನೋಡಹೋದವನೂ ಸಿಕ್ಕಿಕೊಳ್ಳುತ್ತಾನೆ. ಸಿಕ್ಕದೆ ನೋಡುವುದು ಹೇಗೆ?"

ರಣಧವಳ ಕೀಲಿಗಳನ್ನೆಲ್ಲ ಒತ್ತಿ ನೋಡಿದ. ಅವನನ್ನೂ ಕೂರಿಸಿದರು.

ಕೇಬಲ್ ಎಳೆಯುವ ದುರುಗ ಹೆಗಲ ಮೇಲೆ ಸುರುಳಿ ಹೊತ್ತು ಬಂದ.

"ನಿನಗೂ ತಲೆ ಭಾರವಾಯಿತೇನೋ?" ಎಂದ ರಾಜ.

"ಇರಲಿ ಬಿಡಿ, ದೊರೆ. ತಾಯಿ, ಆ ಫೋಲ್ಡರ್ ಎಲ್ಲಿಯದು?"

"ಹೊಳೆಯಾಚೆಯ ಸರ್ವರಿನದು. ಇಲ್ಲಿಯದರಂತೆ ಕಾಣುತ್ತದೆ, ಅಷ್ಟೆ."

"ಹಾಗಾದರೆ ನಿಮ್ಮ ಪ್ರೋಗ್ರಾಂ ಆಚೆಯಿಂದ ಕಡತ ಕೇಳಿ ಕೂತಿದೆ. ಅದು ಬರುವವರೆಗೆ ಬೇರೆ ಮಾತು ಕಿವಿಗೆ ಬೀಳದು. ಸಾಯಿ ಅಂದದ್ದೂ ಬಿದ್ದಿಲ್ಲ."

"ಎರಡನೆಯದು?"

"ನೀವು ಹೋಗಬೇಡಿ. ಒಂದು ಚಿಕ್ಕ ಪ್ರೋಗ್ರಾಂ ಕಳಿಸಿ, ಐದು ಎಣಿಸಿ. ಬರದಿದ್ದರೆ ದಾರಿ ಕಡಿದಿದೆ."

"ಕಳಿಸಿದ್ದರ ಗತಿ?"

"ಹೋಯಿತು. ಅದಕ್ಕೆ ಕಾಯಬೇಡಿ."

ಕಳಿಸಿದಳು. ಐದಾಯಿತು. ಬರಲಿಲ್ಲ. "ಅಪ್ಪಾಜಿ, ನನ್ನ ಪರದೆ ನಿಲ್ಲಲಿಲ್ಲ!" ಎಂದು ಕೂಗಿದಳು.

ಮೂರನೆಯದಕ್ಕೆ ಅವಳ ದನಿ ತಗ್ಗಿತು. "ಬಾಗಿಲಲ್ಲಿ ಜನ ನಿಂತಿದ್ದಾರೆ. ಅವರು ಕದಲದೆ ಬಾಗಿಲು ಕೀಳಲಾಗದು. ಬಾಗಿಲಿರುವ ತನಕ ಹೊಸಬರು ಬಂದು ನಿಲ್ಲುತ್ತಲೇ ಇರುತ್ತಾರೆ. ಏನು ಮಾಡಲಿ?"

ದುರುಗ ಸುರುಳಿ ಕೆಳಗಿಟ್ಟ. ಕಟುಕ ಕತ್ತಿ ಒರೆಸಿದ.

"ಬಾಗಿಲೆಂದರೆ ಆ ಫೋಲ್ಡರ್, ಜನವೆಂದರೆ ಕಾದಿರುವ ಪ್ರೋಗ್ರಾಂಗಳು. ನಿಂತವರು ನಿಲ್ಲಲಿ. ಹೊಸಬರಿಗೆ ಆ ಬಾಗಿಲು ಕಾಣದಂತೆ ಫೋಲ್ಡರಿನ ಹೆಸರು ಮಾತ್ರ ಅದರಿಂದ ಕಳಚಿ. ಅಕ್ಕಿ ಪಟ್ಟಿಯ ನಕಲು ಈಚೆ ಇದೆಯೇ?"

"ಹೋದ ವಾರದ್ದಿದೆ."

"ಆ ಹೆಸರಿನಲ್ಲಿ ಅದನ್ನಿಡಿ. ಚೀಟಿಯ ಪ್ರೋಗ್ರಾಂ ಇನ್ನೊಂದನ್ನು ಹೊಸದಾಗಿ ಶುರು ಮಾಡಿ."

ಚೀಟಿಗಳು ಹೊರಬಂದವು.

ದುರುಗ ಹರಿಗೋಲಿನಲ್ಲಿ ಆಚೆ ಹೋಗಿ, ಹೆಗ್ಗಣ ಕಡಿದ ಕೇಬಲ್ ಕೂಡಿಸಿದ. ಕೂಡಿಸಿದ್ದೇ ತಡ, ಈಚೆ ಕಾದಿದ್ದ ಪ್ರೋಗ್ರಾಂ ಸತ್ತಿತು. ಒಂಬತ್ತು ಸಲ ಹೇಳಿದ್ದು ಅದಕ್ಕೆ ಆಗ ಕೇಳಿಸಿತು.

ರಾಜ ಅರ್ಧ ರಾಜ್ಯದ ಮಾತೆತ್ತಿದ. ದುರುಗ ಪಕ್ಕದಲ್ಲಿ ಕೂತಿದ್ದ ಇಬ್ಬರನ್ನು ತೋರಿಸಿದ. "ಬೇಡ. ಇವರನ್ನು ಕೊಡಿ. ಕೇಬಲ್ ಎಳೆಯಲು ಆಳಿಲ್ಲ."

ಕೊಟ್ಟರು.